ಸುಗ್ಗಿಯ ಕಾಲದಲ್ಲಿ ಕೈಬೆರಳು ಜೋಪಾನ
(ಹಾಲು ಉತ್ಪಾದಕರ ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ರಾಗಿ ಕೊಯ್ಲು ಮುಗಿದು ಹಿತ್ತಲಲ್ಲಿ ಬಣವೆ ಏಳುವ ಕಾಲವಿದು. ಹಸುವಿನ ಕೆಚ್ಚಲು ಬಾತರೆ ಕೂಡಲೇ ಪಶುವೈದ್ಯರನ್ನು ಕರೆಸುವ ನಾವು ನಮ್ಮ ಬೆರಳಿನ ವಿಷಯದಲ್ಲಿ ಮಾತ್ರ ಉದಾಸೀನರು.

ಮೇವು ಕತ್ತರಿಸುವ ಯಂತ್ರದಲ್ಲಿ ಅಲಗಿನ ಭಯ ಎಲ್ಲರಿಗೂ ಇದೆ. ಆದರೆ ಮೇವನ್ನು ಒಳಗೆಳೆಯುವ ಹಲ್ಲಿನ ಉರುಳೆಗಳೇ ಮೊದಲು ಕೈ ಹಿಡಿಯುವುದು, ಹಿಡಿದರೆ ಬಿಡುವುದಿಲ್ಲ. ಗಿಡ್ಡ ಹುಲ್ಲನ್ನು ಅಂಗೈಯಿಂದ ತಳ್ಳಬೇಡಿ, ಮುಂದಿನ ಹಿಡಿ ಹುಲ್ಲಿನಿಂದಲೇ ನೂಕಿ. ಹುಲ್ಲು ಸಿಕ್ಕಿಕೊಂಡರೆ ಸ್ವಿಚ್ ಆರಿಸಿ, ಚಕ್ರ ಪೂರ್ತಿ ನಿಂತ ಮೇಲೆ ಬಿಡಿಸಿ. ಕರೆಂಟು ಹೋಗಿ ನಿಂತಿದ್ದರೂ ಸ್ವಿಚ್ ಆರಿಸಲೇಬೇಕು. ನಮ್ಮೂರ ಕರೆಂಟು ಹೇಳಿ ಕೇಳಿ ಬರುವುದಿಲ್ಲವಲ್ಲ! ತಾಯಂದಿರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಗಂಡಸರು ಹೆಗಲ ಟವೆಲ್ಲು ತೆಗೆದಿಡಿ. ಮಕ್ಕಳಿರುವ ಮನೆಯಲ್ಲಿ, ಕೆಲಸವಿಲ್ಲದಾಗ ಕೈಯಂತ್ರದ ಚಕ್ರಕ್ಕೂ ಸರಪಳಿ ಹಾಕಿ ಬೀಗ ಹಾಕಿ.

ಅಕಸ್ಮಾತ್ ಬೆರಳು ತುಂಡಾದರೆ ಗಾಯವನ್ನು ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಅರಿಶಿನ, ಕಾಫಿಪುಡಿ ಬೇಡ. ತುಂಡನ್ನು ಶುಭ್ರವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿಟ್ಟು ಆಸ್ಪತ್ರೆಗೆ ಒಯ್ಯಿರಿ. ಮಂಜುಗಡ್ಡೆ ಬೆರಳಿಗೆ ನೇರವಾಗಿ ತಾಗಬಾರದು. ಬೇಗ ಹೋದರೆ ಕೆಲವೊಮ್ಮೆ ಮರಳಿ ಜೋಡಿಸಬಹುದು. ಕುಡುಗೋಲಿನ ಸಣ್ಣ ಗಾಯಕ್ಕೂ ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ಇನ್ನು ಬಣವೆ. ಇಲಿ ಇದ್ದಲ್ಲಿ ಹಾವು ಬರುತ್ತದೆ. ಹುಲ್ಲು ಹಿರಿಯುವ ಮುನ್ನ ಕೋಲಿನಿಂದ ಬಡಿಯಿರಿ, ಕತ್ತಲಲ್ಲಿ ಟಾರ್ಚ್ ಇರಲಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಭಾಗ ಅಲುಗದಂತೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ರಾಜ್ಯ ಸರ್ಕಾರ 2024ರಲ್ಲಿ ಆದೇಶಿಸಿದೆ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷನಿರೋಧಕ ಔಷಧಿ ಇದೆಯೆಂದು ಇವತ್ತೇ ವಿಚಾರಿಸಿ, ಸಂಘದ ಗೋಡೆಯ ಮೇಲೆ ಬರೆಸಿಡಿ.