ದೇಶದ ಸಿರಿ ಎಲ್ಲಿದೆ?

ಯಲಹಂಕದ ಕಡೆಯ ಯಜಮಾನರೊಬ್ಬರು ಮೊನ್ನೆ ಕೇಳಿದರು: “ಸ್ವಾಮಿ, ಕೆಲವು ದೇಶ ಸಿರಿವಂತವಾದವು, ಕೆಲವು ಬಡವಾಗೇ ಉಳಿದವು. ಅವರ ಮಣ್ಣೇನು ಚಿನ್ನವೇ?” ಎರಡೆಕರೆ ಹೊಲಕ್ಕೆ ಮುಂಗಡ ಕೊಡಲು ಗಿರಾಕಿ ಅವರ ಮನೆಗೆ ಬಂದು ಹೋಗಿದ್ದ.

ಮಣ್ಣಿನಲ್ಲಿ ಸಂಪತ್ತಿದ್ದರೆ ಸಾಲದು. ಆಫ್ರಿಕದ ಕಾಂಗೋ ನೆಲದಲ್ಲಿ ತಾಮ್ರವಿದೆ, ವಜ್ರವಿದೆ. 1960ರವರೆಗೆ ಆಳಿದ ಬೆಲ್ಜಿಯಂನವರು ಅದನ್ನು ಹೊರಕ್ಕೆ ಸಾಗಿಸಿದರು. ಜನಕ್ಕೆ ಉನ್ನತ ವಿದ್ಯೆ ಬಹುಮಟ್ಟಿಗೆ ಸಿಗಲಿಲ್ಲ. ಆಮೇಲೆ ಬಂದ ಆಳುವವರೂ ದೋಚಿದರು. ಜನ ಇಂದಿಗೂ ಬಡವರೇ. ಜಪಾನಿನಲ್ಲಾದರೋ ಬಹುಪಾಲು ಬೆಟ್ಟ, ಖನಿಜ ಕಡಮೆ. ಆದರೆ 1872ರಲ್ಲೇ ಎಲ್ಲ ಮಕ್ಕಳಿಗೂ ಶಾಲೆಯೆಂದು ಅಲ್ಲಿ ಕಟ್ಟಳೆ ಮಾಡಿದರು. ಎರಡನೆಯ ಮಹಾಯುದ್ಧದ ಬಳಿಕ ಗೇಣಿದಾರರಿಗೆ ಭೂಮಿ ಕೊಟ್ಟರು.

ದೂರದ ಮಾತೇಕೆ, ನಮ್ಮ ಹೆಬ್ಬಾಳವನ್ನೇ ನೋಡಿ. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಟ್ಟ 30 ಎಕರೆಯಲ್ಲಿ ಬೇಸಾಯದ ಪ್ರಯೋಗ ಮೊದಲಾಯಿತು. 1946ರಲ್ಲಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬಂದವು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟರು. ಆ ವಂಶದಲ್ಲೇ ಹುಟ್ಟಿದ ಜಿ.ಪಿ.ಯು. 28 ಬೆಂಕಿ ರೋಗಕ್ಕೆ ಬಗ್ಗಲಿಲ್ಲ. ಅದೇ ಹೊಲ, ಅದೇ ಮಳೆ. ರಾಶಿ ಮಾತ್ರ ದೊಡ್ಡದಾಯಿತು. ಹೊಸದಾಗಿ ಸೇರಿದ್ದು ತಿಳಿವಳಿಕೆ.

ತಿಳಿವಳಿಕೆ ಒಂದೇ ಸಾಕೇ? ಬೆಳೆದದ್ದರ ಫಲ ಬೆಳೆದವನಿಗೆ ಸಿಗಬೇಕು. ಯಶವಂತಪುರದ ಮಂಡಿಗೆ ಮೂಟೆ ತಂದಾಗ ತೂಕದಲ್ಲಿ ಮೋಸವಾದರೆ, ಮುಂದಿನ ವರ್ಷ ಒಳ್ಳೆಯ ಬೀಜಕ್ಕೆ ಕಾಸು ಬಿಚ್ಚುವವರಾರು? ಅದಕ್ಕೇ 1966ರಲ್ಲಿ ಮಾರುಕಟ್ಟೆಯ ಕಾನೂನು ಬಂತು. ವಿದ್ಯೆ, ನ್ಯಾಯವಾದ ತೂಕ, ದುಡಿದವನಿಗೆ ಪಾಲು: ಈ ಮೂರು ನೆಲೆನಿಂತ ದೇಶ ಮೇಲೆ ಬರುತ್ತದೆ.

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಸುತ್ತಿನ ಹೊಲಗಳಿಗೆ ಬೆಲೆ ಏರಿತು. ಬೆಲೆ ಬೇರೆ, ಸಿರಿ ಬೇರೆ. ಹೊಲ ಮಾರಿದ ಹಣ ಮದುವೆಯ ಚಪ್ಪರಕ್ಕೂ ಕಾರಿಗೂ ಹೋದರೆ ಕಾಂಗೋವಿನ ತಾಮ್ರದಂತೆ ಕರಗಿತು. ಮಗಳ ಓದಿಗೆ, ಮಗನ ಕಸುಬಿಗೆ ಹೋದರೆ ಬೀಜವಾಯಿತು.

ಯಜಮಾನರಿಗೆ ಮಾರಿ ಎಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ. “ಮುಂಗಡ ಮುಟ್ಟುವ ಮೊದಲು ಮನೆಯ ಹೆಂಗಸರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಲೆಕ್ಕ ಹಾಕಿ” ಎಂದೆ. ನೀವೂ ಹಾಗೆಯೇ ಮಾಡಿ.