ನಗೆನಾಟಕ ಮತ್ತು ಒಂದು ಅರ್ಜಿ

(ಕಾರ್ಮಿಕರ ವಾಚನಾಲಯದಲ್ಲಿ ಕಳೆದ ರವಿವಾರ ಸಂಜೆ ಮಾಡಿದ ಭಾಷಣದ ಪಾಠ)



ಇಂದು ಬೋನಸ್ಸಿನ ಮಾತು ಇದೆಯೆಂದು ತಿಳಿದು ಬಂದವರು ಕೆಲವರಿರಬಹುದು. ಅದು ಬರುವ ವಾರ. ಇಂದು ನಾವು ಟಿ.ವಿ.ಯ ನಗೆನಾಟಕಗಳ ವಿಷಯ ಮಾತಾಡುವವರಿದ್ದೇವೆ. ಮಜೂರ ಸಂಘಕ್ಕೂ ನಗೆನಾಟಕಕ್ಕೂ ಎತ್ತಣ ಸಂಬಂಧ ಎಂದು ಕೇಳುವಿರಿ. ಸಂಬಂಧ ಇದೆ. ಅದು ಒಂದು ಅರ್ಜಿಯ ರೂಪದಲ್ಲಿ ನಮ್ಮ ಕಚೇರಿಯ ಮೇಜಿನ ಖಾನೆಯಲ್ಲಿ ಕುಳಿತಿದೆ.

ಹದಿನೈದು ದಿನಗಳ ಹಿಂದೆ ಮಿಲ್ಲಿನ ಹುಡುಗನೊಬ್ಬ ಬಂದು, "ನನ್ನ ಲೆಕ್ಕ ಚುಕ್ತಾ ಮಾಡಿಸಿಕೊಡ್ರಿ, ಊರು ಬಿಟ್ಟು ಹೋಗತೇನಿ" ಎಂದ. ಯಾವ ಖಾತೆ, ಯಾವ ಪಾಳಿ ಎಂಬುದನ್ನು ಹೇಳುವುದಿಲ್ಲ. ನೀವೂ ಊಹಿಸಲು ಹೋಗಬೇಡಿ. ಕೆಲಸ ಬಲ್ಲವನು, ಸಂಘದ ವಂತಿಗೆ ತಪ್ಪಿಸಿದವನಲ್ಲ. ಕಾರಣ ಕೇಳಿದೆವು. ಬಹಳ ಹೊತ್ತು ನೆಲ ನೋಡುತ್ತ ಕುಳಿತ. ಕೊನೆಗೆ ಹೇಳಿದ್ದು ಇಷ್ಟು: ಟಿ.ವಿ.ಯ ಹಾಸ್ಯದಲ್ಲಿ ಸೆರಗು ಹೊದ್ದು ಬಳುಕುವ ಗಂಡಸಿನ ಪಾತ್ರವೊಂದಿದೆಯಂತೆ, ಆ ಪಾತ್ರದ ಹೆಸರಿಟ್ಟೇ ಖಾತೆಯವರೆಲ್ಲ ಇವನನ್ನು ಕರೆಯುತ್ತಾರೆ. ಡಬ್ಬಿ ಬಿಚ್ಚಿ ಉಣ್ಣಲು ಕುಳಿತರೆ ಆ ಪಾತ್ರದ ಮಾತುಗಳನ್ನು ಅಂದು ತೋರಿಸುತ್ತಾರೆ. ಅವನು ಯಾರನ್ನು ಪ್ರೀತಿಸುತ್ತಾನೆ ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅದು ಸಂಘದ ರಿಜಿಸ್ಟರಿನಲ್ಲಿ ಬರೆಯುವ ಮಾತಲ್ಲ.

ಅವನನ್ನು ಗೋಳು ಹೊಯ್ದುಕೊಂಡವರು ಧಣಿಗಳಲ್ಲ, ನಮ್ಮವರೇ. ಅವರಲ್ಲಿ ಇಬ್ಬರನ್ನು ಕರೆದು ಕೇಳಿದೆವು. "ತಮಾಷೆರೀ ಸರ, ನಾವೂ ನಗತೇವಿ, ಅವನೂ ನಗತಾನು" ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಅವನು ನಗುತ್ತಿದ್ದದ್ದೂ ನಿಜವೇ.

ಈ ನಗುವಿನ ಬೇರು ಹುಡುಕುತ್ತ ನಾವು ಕೆಲವು ಪುಸ್ತಕ, ಪತ್ರಿಕೆಗಳನ್ನು ಓದಿದೆವು. ಟಿ.ವಿ. ಹಾಸ್ಯ ಮೊದಲು ದೊಡ್ಡ ವ್ಯಾಪಾರವಾದದ್ದು ಅಮೆರಿಕದಲ್ಲಿ. ಈ ವಿಷಯದ ಜಗಳವೂ ಅಲ್ಲಿ ಬಹಿರಂಗವಾಗಿ ನಡೆದಿದೆ. ಅಲ್ಲಿನ ನೋಡುಗರು ಏನು ನೋಡಿದರು, ಏನೆಂದರು ಎಂಬ ಕಥೆ ಕೇಳಿ.

1971ರ ಜನವರಿಯಲ್ಲಿ ಸಿ.ಬಿ.ಎಸ್. ಎಂಬ ಸಂಸ್ಥೆಯವರು 'ಆಲ್ ಇನ್ ದಿ ಫ್ಯಾಮಿಲಿ' ಎಂಬ ಧಾರಾವಾಹಿ ತೆಗೆದರು. ತಯಾರಿಸಿದವರು ನಾರ್ಮನ್ ಲಿಯರ್. ಅದರ ನಾಯಕ ಆರ್ಚಿ ಬಂಕರ್, ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿರುವ ಬಡ ಕಾರ್ಮಿಕ. ಸರಕು ಏರಿಸಿ ಇಳಿಸುವ ಕಡೆ ಮುಕಾದಮ. ದುಡಿಮೆಗಾರ ನಿಜ, ಆದರೆ ಬಾಯಿ ತುಂಬ ಹಳೆಯ ದ್ವೇಷ. ಕರಿಯರು, ಯಹೂದಿಗಳು, ಹೆಂಗಸರು, ಯಾರನ್ನೂ ಬಿಟ್ಟವನಲ್ಲ. ಅಳಿಯ ಓದುವ ಹುಡುಗ, ಮಾವನೊಡನೆ ದಿನವೂ ವಾದ. ಇಂಥ ಮಾವಂದಿರು ನಮ್ಮ ಓಣಿಯಲ್ಲೂ ಇದ್ದಾರೆ, ಹೆಸರು ಬೇಡ.

ಅದೇ ವರ್ಷ ಫೆಬ್ರವರಿ 9ರ ಕಂತಿನಲ್ಲಿ ಅಳಿಯನ ಗೆಳೆಯನೊಬ್ಬ ಮನೆಗೆ ಬರುತ್ತಾನೆ. ಸಣಕಲ ಮೈ, ಮೆದು ಮಾತು, ಕೊರಳಿಗೆ ವಸ್ತ್ರ. ಇವನು ಗಂಡಸರನ್ನು ಪ್ರೀತಿಸುವ ಗಂಡಸು ಎಂದು ಆರ್ಚಿ ನಿರ್ಧರಿಸಿ ಮನಬಂದಂತೆ ಗೇಲಿ ಮಾಡುತ್ತಾನೆ. ಆಮೇಲೆ ತಾನು ದಿನವೂ ಹೋಗುವ ಪಾನಗೃಹಕ್ಕೆ ಹೋಗುತ್ತಾನೆ. ಅಲ್ಲಿ ಅವನ ಮೆಚ್ಚಿನ ಗೆಳೆಯ ಸ್ಟೀವ್, ಹಿಂದೆ ಹೆಸರಾಂತ ಫುಟ್ಬಾಲ್ ಆಟಗಾರ, ಜಟ್ಟಿಯಂಥ ಆಳು. ತೋಳು ಮಣಿಸುವ ಪಂದ್ಯದ ನಡುವೆ ಸ್ಟೀವ್ ಒಪ್ಪಿಕೊಳ್ಳುತ್ತಾನೆ: ಸಲಿಂಗಪ್ರೇಮಿ ತಾನು. ಆರ್ಚಿ ಅದನ್ನು ನಂಬಲೊಲ್ಲ.

ಈ ಕಂತು ಅರ್ಧ ಗಂಟೆಯೊಳಗೆ ಒಂದು ದೊಡ್ಡ ತಪ್ಪನ್ನು ಬಯಲಿಗೆಳೆಯಿತು. ನಡಿಗೆ, ದನಿ, ಕೈ ತಿರುಗಿಸುವ ರೀತಿ ಒಂದು ಮಾತು. ಯಾರ ಮೇಲೆ ಮನಸ್ಸು ಹೋಗುತ್ತದೆ ಎಂಬುದು ಬೇರೆ ಮಾತು. ಗಂಡಾಗಿ ಹುಟ್ಟಿ ತಾನು ಹೆಣ್ಣೆಂದು ಬಾಳುವವರದು ಇನ್ನೂ ಬೇರೆ. ಮೂರನ್ನೂ ಒಂದೇ ಮೂಟೆಗೆ ತುಂಬಿ ಮಾರುವುದು ನಮ್ಮ ಇಂದಿನ ಹಾಸ್ಯದವರ ಚಾಳಿ.

ಇನ್ನು ನೋಡುಗರು. ಒಬ್ಬ ನೋಡುಗ ಅಮೆರಿಕದ ಅಂದಿನ ಅಧ್ಯಕ್ಷ ರಿಚರ್ಡ್ ನಿಕ್ಸನ್! 1971ರ ಮೇ 13ರಂದು ಆತ ತನ್ನ ಕಚೇರಿಯಲ್ಲಿ ಇಬ್ಬರು ಆಪ್ತರೆದುರು ಈ ನಾಟಕದ ಮೇಲೆ ಹರಿಹಾಯ್ದ. ಆ ಕಟ್ಟುಮಸ್ತಾದ ಆಟಗಾರನನ್ನು ಹೀಗೆ ತೋರಿಸಬಹುದೇ, ಇಂಥದನ್ನು ಮೆರೆಸಬಹುದೇ, ಗ್ರೀಸ್ ರೋಮುಗಳು ಹಾಳಾದದ್ದು ಇದರಿಂದಲೇ ಅಲ್ಲವೇ ಎಂದ. ಕಚೇರಿಯಲ್ಲಿ ಆತನೇ ಇಡಿಸಿದ್ದ ಗುಪ್ತ ಧ್ವನಿಮುದ್ರಣ ಯಂತ್ರ ಎಲ್ಲವನ್ನೂ ಹಿಡಿದಿಟ್ಟಿತು. ವಿಯೆಟ್ನಾಮಿನ ಮೇಲೆ ಬಾಂಬು ಸುರಿಸುತ್ತಿದ್ದವನಿಗೆ ರಾಜ್ಯ ಹಾಳಾಗುವ ಚಿಂತೆ ಹತ್ತಿದ್ದು ನಗೆನಾಟಕದಿಂದ.

ಸಾಮಾನ್ಯ ನೋಡುಗರ ಮಾತು ಇನ್ನೂ ಮುಖ್ಯ. 1974ರಲ್ಲಿ ನೀಲ್ ವಿಡ್ಮಾರ್, ಮಿಲ್ಟನ್ ರೋಕೀಚ್ ಎಂಬ ಇಬ್ಬರು ವಿದ್ವಾಂಸರು ಈ ಧಾರಾವಾಹಿಯ ಪರಿಣಾಮದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದ ಪ್ರೌಢಶಾಲಾ ಹುಡುಗರನ್ನೂ ಕೆನಡಾದ ವಯಸ್ಕರನ್ನೂ ಕೇಳಿ ಮಾಡಿದ್ದು. ಅವರು ಅಳೆದದ್ದು ಜನಾಂಗದ್ವೇಷವನ್ನು. ಆದರೆ ಅವರಿಗೆ ಸಿಕ್ಕ ಉತ್ತರ ನಮಗೂ ಬೇಕಾದದ್ದೇ. ದ್ವೇಷ ಹೆಚ್ಚಿದ್ದವರಿಗೂ ಕಡಮೆಯಿದ್ದವರಿಗೂ ನಾಟಕ ಒಂದೇ ಸಮ ಮೋಜೆನಿಸಿತ್ತು. ಆದರೆ ದ್ವೇಷ ಹೆಚ್ಚಿದ್ದವರಿಗೆ ಆರ್ಚಿಯೇ ಮೆಚ್ಚು, ಕೊನೆಗೆ ಗೆದ್ದವನೂ ಆರ್ಚಿಯೇ! ಬರೆದವರು ಮೂರ್ಖನೆಂದು ತೋರಿಸಹೊರಟವನನ್ನು ಇವರು ತಮ್ಮ ವಕೀಲನನ್ನಾಗಿ ಮಾಡಿಕೊಂಡರು. ಒಂದೇ ಕೋಣೆಯಲ್ಲಿ ಇಬ್ಬರು ಒಂದೇ ಗಳಿಗೆಯಲ್ಲಿ ನಕ್ಕರೆ ಇಬ್ಬರೂ ಒಂದೇ ಕಾರಣಕ್ಕೆ ನಕ್ಕರೆಂದು ತಿಳಿಯಬೇಡಿ. "ಎಲ್ಲರೂ ನಗತೇವಿ" ಎಂಬ ಮಾತಿಗೆ ನಾವು ಬೆಲೆ ಕೊಡದಿರುವುದು ಇದಕ್ಕೇ.

ಇನ್ನು ಇಪ್ಪತ್ತಾರು ವರ್ಷ ಮುಂದೆ ಬನ್ನಿ. ಎ.ಬಿ.ಸಿ. ಎಂಬ ಸಂಸ್ಥೆಯಲ್ಲಿ 'ಎಲೆನ್' ಎಂಬ ಧಾರಾವಾಹಿ. ನಾಯಕಿ ಎಲೆನ್ ಮಾರ್ಗನ್ ಪುಸ್ತಕದ ಅಂಗಡಿ ನಡೆಸುವವಳು. ಪಾತ್ರ ಮಾಡಿದವರು ಎಲೆನ್ ಡಿಜೆನೆರೆಸ್. ನಾಯಕಿಗೆ ಗಂಡು ಜೋಡಿಸಲು ಬರೆಯುವವರು ಪಟ್ಟ ಪಾಡೆಲ್ಲ ಸಪ್ಪೆಯಾಗಿತ್ತು. 1997ರ ಏಪ್ರಿಲ್ 30ರ ಕಂತಿನಲ್ಲಿ ಆಕೆ ತಾನು ಹೆಣ್ಣನ್ನು ಪ್ರೀತಿಸುವವಳೆಂದು ಹೇಳಿಬಿಟ್ಟಳು. ಹೇಳಿದ್ದು ಎಲ್ಲಿ? ವಿಮಾನ ನಿಲ್ದಾಣದಲ್ಲಿ. ತಾನು ಮೆಚ್ಚಿದ ಹೆಣ್ಣಿನ ಮುಂದೆ ಮಾತು ಹೊರಡದೆ ತೊದಲಿ ತೊದಲಿ ಮುಂದೆ ಬಾಗಿದಾಗ, ಎದುರಿಗಿದ್ದ ಧ್ವನಿವರ್ಧಕ ಆ ಮಾತನ್ನು ಇಡೀ ನಿಲ್ದಾಣಕ್ಕೆ ಸಾರಿಬಿಟ್ಟಿತು. ಜನ ನಕ್ಕರು. ಆದರೆ ಈ ಸಲ ನಕ್ಕದ್ದು ಅವಳ ಪೇಚಾಟಕ್ಕೆ, ಅವಳ ಪ್ರೀತಿಗಲ್ಲ. ಹೇಳಬೇಕಾದ ಮಾತು ಗಂಟಲಲ್ಲಿ ಸಿಕ್ಕಿಕೊಂಡ ಅನುಭವ ಯಾರಿಗಿಲ್ಲ? ನಟಿ ಕೂಡ ಅದೇ ತಿಂಗಳು 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ತನ್ನ ವಿಷಯವನ್ನು ಬಹಿರಂಗ ಮಾಡಿದ್ದರು.

ಆ ರಾತ್ರಿ ಸುಮಾರು 4 ಕೋಟಿ 20 ಲಕ್ಷ ಜನ ನೋಡಿದರು. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರದ ಕೇಂದ್ರದವರು ಮಾತ್ರ ಈ ಕಂತನ್ನು ಪ್ರಸಾರ ಮಾಡುವುದಿಲ್ಲವೆಂದು ಕುಳಿತರು. ಅಲ್ಲಿನ ಸಲಿಂಗಪ್ರೇಮಿಗಳ ಸಂಘದವರು ಬೇಡುತ್ತ ಕೂರಲಿಲ್ಲ. ದೊಡ್ಡದೊಂದು ಸಭಾಗೃಹ ಹಿಡಿದು, ಉಪಗ್ರಹದ ಮೂಲಕ ಕಂತನ್ನು ತರಿಸಿ, ಸಾವಿರಾರು ಜನ ಕೂಡಿ ನೋಡಿದರು. ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬೊಬ್ಬರೇ ಅಳುಕಿನಿಂದ ನೋಡುತ್ತಿದ್ದವರು ತಮ್ಮಂಥವರು ಇಷ್ಟು ಮಂದಿ ಇದ್ದಾರೆಂದು ಕಣ್ಣಾರೆ ಕಂಡರು. ಗೇಟಿನ ಸಭೆಗೆ ಮೊದಲ ಸಲ ಬಂದ ಮಜೂರನಿಗೆ ಆಗುವ ಅನುಭವವೇ ಅದು.

ಎದುರು ಕಡೆಯೂ ಸುಮ್ಮನಿರಲಿಲ್ಲ. ಚಿತ್ರೀಕರಣದ ವೇಳೆ ಬಾಂಬು ಬೆದರಿಕೆ ಬಂತು. ಜೆರಿ ಫಾಲ್ವೆಲ್ ಎಂಬ ಪಾದ್ರಿ ನಟಿಯ ಅಡ್ಡಹೆಸರನ್ನೇ ತಿರುಚಿ 'ಕೆಟ್ಟುಹೋದವಳು' ಎಂಬ ಅರ್ಥ ಬರುವಂತೆ ಕರೆದ. ಆಕೆ ಅದಕ್ಕೆ ಕೊಟ್ಟ ಉತ್ತರ ನಮ್ಮನ್ನು ತಡೆದು ನಿಲ್ಲಿಸಿತು. ಈ ಹೆಸರನ್ನು ನಾಲ್ಕನೇ ಇಯತ್ತೆಯಿಂದಲೇ ಕೇಳುತ್ತ ಬಂದಿದ್ದೇನೆ ಎಂಬ ಅರ್ಥದಲ್ಲಿ ಆಕೆ ನಕ್ಕು ಹೇಳಿದರು.

ನಾಲ್ಕನೇ ಇಯತ್ತೆ! ನಾವು ಮಾಸ್ತರಿಕೆ ಮಾಡುತ್ತಿದ್ದಾಗ ನಮ್ಮ ವರ್ಗದಲ್ಲಿ ಒಬ್ಬ ಹುಡುಗನಿದ್ದ. ಗ್ಯಾದರಿಂಗ್ ಬಂದರೆ ಸೀತೆಯ ಪಾತ್ರಕ್ಕೆ ಅವನೇ ಬೇಕು; ಊರ ಹಿರಿಯರು ಎದ್ದು ನಿಂತು ಆಹೇರಿ ಮಾಡುತ್ತಿದ್ದರು. ಮರುದಿನ ಅದೇ ದನಿ, ಅದೇ ನಡಿಗೆಗೆ ಹುಡುಗರು ಅವನಿಗೊಂದು ಹೆಸರಿಟ್ಟು ಕೂಗುತ್ತಿದ್ದರು. ಒಂದು ದಿನ ಹಾಜರಿ ಕರೆಯುವಾಗ ನಮ್ಮ ಬಾಯಿಂದಲೇ ಆ ಹೆಸರು ಬಂತು. ವರ್ಗವೆಲ್ಲ ಗೊಳ್ಳೆಂದಿತು. ಹುಡುಗ ಎದ್ದು ನಿಂತು, "ಹಾಜರ್ ಸರ್" ಎಂದು ತಾನೂ ನಕ್ಕ. ಹುಡುಗರೊಡನೆ ಎಷ್ಟು ಸಲಿಗೆಯಿಂದಿದ್ದೇವೆ ಎಂದು ನಮಗೆ ಹೆಮ್ಮೆಯೇ ಆಯಿತು. ದೀಪಾವಳಿ ಸೂಟಿ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಲು ನಮಗೆ ಮುಖವಿರಲಿಲ್ಲ. ಮಜೂರರಿಗೆ ಬುದ್ಧಿ ಹೇಳಲು ಬಂದವರು ನಾವು ಎಂದು ಯಾರೂ ತಿಳಿಯಬಾರದೆಂದೇ ಇದನ್ನು ಹೇಳಿದೆವು.

ಇರಲಿ, ಹಣದ ಮಾತಿಗೆ ಬರೋಣ. ಇಲ್ಲಿ ವ್ಯಾಪಾರಸ್ಥ ಬಂಧುಗಳೂ ಇದ್ದಾರೆ. ಆ ಕಂತಿನ ವೇಳೆ ಕ್ರೈಸ್ಲರ್ ಮೋಟಾರು ಕಂಪನಿ, ಜೆ.ಸಿ. ಪೆನ್ನಿ ಎಂಬ ಅಂಗಡಿಗಳ ಕಂಪನಿ, ವೆಂಡೀಸ್ ಎಂಬ ಖಾನಾವಳಿಗಳ ಕಂಪನಿ ಜಾಹೀರಾತು ಕೊಡದೆ ದೂರ ಉಳಿದವು. ಗಿರಾಕಿ ಸಿಟ್ಟಾದಾನು ಎಂಬ ಭಯ. ಅವರು ಬಿಟ್ಟ ಜಾಗವನ್ನು ಬೇರೆಯವರು ಕೊಂಡರು! ಭಯದಿಂದ ಬಾಗಿಲು ಹಾಕಿದ ಅಂಗಡಿಯ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆಂದು ನಿಮಗೆ ನಾವು ಹೇಳಬೇಕಿಲ್ಲ.

ಕಂತಿಗೆ ಎಮಿ ಪ್ರಶಸ್ತಿ ಬಂತು. ಮುಂದಿನ ಹಂಗಾಮಿನಲ್ಲಿ ಮಕ್ಕಳಿಗೆ ತಕ್ಕದ್ದಲ್ಲ ಎಂಬರ್ಥದ ಎಚ್ಚರಿಕೆಯ ಚೀಟಿ ಅಂಟಿಸಿದರು. ವಾರವಾರವೂ ಅದೇ ವಿಷಯ ಬಂದಾಗ ನೋಡುಗರು ಕಡಮೆಯಾದರು. 'ಅತಿಯಾಯಿತು' ಎಂದವರಲ್ಲಿ ಹಿತೈಷಿಗಳೂ ಇದ್ದರು. 1998ರಲ್ಲಿ ಧಾರಾವಾಹಿ ನಿಂತಿತು. ನಾಯಕಿಗೆ ಕೆಲವು ವರ್ಷ ಕೆಲಸವಿಲ್ಲ. ಆ ಕಂತಿನಲ್ಲಿ ಗೆಳತಿಯ ಪಾತ್ರ ಮಾಡಿದ ಲಾರಾ ಡರ್ನ್ ತನಗೂ ಒಂದು ವರ್ಷಕ್ಕೂ ಮಿಕ್ಕಿ ಕೆಲಸ ಸಿಗಲಿಲ್ಲವೆಂದು ಮುಂದೆ ಹೇಳಿಕೊಂಡಿದ್ದಾರೆ. ಆಕೆ ಮಾಡಿದ್ದು ಬರಿಯ ಪಾತ್ರ, ನೆನಪಿರಲಿ.

ಡಿಜೆನೆರೆಸ್ 2003ರಲ್ಲಿ ಮತ್ತೆ ಮೇಲೆದ್ದು ಹಗಲಿನ ಕಾರ್ಯಕ್ರಮವೊಂದನ್ನು 2022ರವರೆಗೆ ನಡೆಸಿ ಶ್ರೀಮಂತರಾದರು. 2020ರಲ್ಲಿ ಅದೇ ಕಾರ್ಯಕ್ರಮದ ನೌಕರರು ಅಲ್ಲಿ ತಮ್ಮನ್ನು ಕೆಟ್ಟದಾಗಿ ನಡೆಸಿಕೊಳ್ಳುತ್ತಾರೆಂದು ದೂರಿದರು. ಮೂವರು ನಿರ್ಮಾಪಕರು ಹೊರಗೆ ಹೋಗಬೇಕಾಯಿತು, ಆಕೆ ಕ್ಷಮೆ ಕೇಳಿದರು. ನೋವುಂಡವರು ಧಣಿಗಳಾದರೆ ಮಜೂರರ ನೋವು ತಾನಾಗಿ ಅರಿಯುತ್ತಾರೆಂದು ನಾವು ಎಂದೂ ನಂಬಿದವರಲ್ಲ.

'ಎಲೆನ್' ನಿಂತ ವರ್ಷವೇ ಎನ್.ಬಿ.ಸಿ.ಯಲ್ಲಿ 'ವಿಲ್ ಅಂಡ್ ಗ್ರೇಸ್' ಬಂತು. ನಾಯಕ ವಿಲ್ ಸಲಿಂಗಪ್ರೇಮಿ, ವೃತ್ತಿಯಿಂದ ವಕೀಲ. ಮನೆಮಂದಿಯೆಲ್ಲ ಕುಳಿತು ನಕ್ಕರು; 2006ರವರೆಗೆ ನಡೆಯಿತು. 2012ರ ಮೇ ತಿಂಗಳಲ್ಲಿ ಅಂದಿನ ಉಪಾಧ್ಯಕ್ಷ ಜೋ ಬೈಡನ್, ಅಮೆರಿಕದ ಜನರಿಗೆ ಈ ವಿಷಯದಲ್ಲಿ ತಿಳಿವಳಿಕೆ ಕೊಟ್ಟದ್ದರಲ್ಲಿ ಈ ಧಾರಾವಾಹಿಯದು ದೊಡ್ಡ ಪಾಲು ಎಂದರು. ಗ್ಯಾಲಪ್ ಸಂಸ್ಥೆಯ ಎಣಿಕೆಯಲ್ಲಿ 1996ರಲ್ಲಿ ಸಲಿಂಗ ವಿವಾಹ ಸರಿ ಎಂದವರು ನೂರಕ್ಕೆ 27, 2022ರಲ್ಲಿ 71. ಇದೆಲ್ಲ ಒಂದು ನಾಟಕದ ಪುಣ್ಯವೆಂದರೆ ಬೀದಿಗಿಳಿದು ಏಟು ತಿಂದವರಿಗೆ ಅನ್ಯಾಯವಾದೀತು. ನಮಗೆ ಅದರಲ್ಲಿ ಇನ್ನೊಂದು ಕೊರತೆಯೂ ಕಾಣುತ್ತದೆ. 1971ರಲ್ಲಿ ಮಾತು ನಡೆದದ್ದು ಮುಕಾದಮನ ಮನೆಯಲ್ಲಿ, ಮಜೂರರ ಪಾನಗೃಹದಲ್ಲಿ. ಎಲ್ಲರೂ ಒಪ್ಪುವ ಹೊತ್ತಿಗೆ ಅದು ಉಳ್ಳವರ ಮನೆಗೆ ಏರಿಬಿಟ್ಟಿತು. ವಕೀಲನಿಗೆ ಯಾರ ಹಂಗು? ಮಗ್ಗದ ಪಕ್ಕದಲ್ಲಿ ನಿಂತವನ ಗತಿ ಏನು?

ಅದರ ಉತ್ತರ ಕಾಯಿದೆ ಪುಸ್ತಕದಲ್ಲಿದೆ. 1996ರ ಸೆಪ್ಟೆಂಬರ್ 10ರಂದು, ಸಲಿಂಗಪ್ರೇಮಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯಬಾರದೆಂಬ ಮಸೂದೆ ಅಮೆರಿಕದ ಸೆನೆಟ್ಟಿನಲ್ಲಿ 49ಕ್ಕೆ 50 ಮತಗಳಿಂದ ಬಿತ್ತು. ಒಂದೇ ಮತ! 'ಎಲೆನ್' ನೋಡಿ 4 ಕೋಟಿ ಜನ ನಕ್ಕ ರಾತ್ರಿ ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಧಣಿ ಅಂಥ ಕೆಲಸಗಾರನನ್ನು ಮರುದಿನ ಬೆಳಿಗ್ಗೆ ಹೊರದಬ್ಬಬಹುದಿತ್ತು. ದೇಶದ ಸುಪ್ರೀಂ ಕೋರ್ಟು ಅದು ಕೂಡದೆಂದದ್ದು 2020ರ ಜೂನ್ 15ರಂದು. ನಗುವಿನಿಂದ ರೊಟ್ಟಿಯವರೆಗೆ ಇಪ್ಪತ್ತಮೂರು ವರ್ಷ.

ನಮ್ಮ ದೇಶದಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ವಯಸ್ಕರ ಇಂಥ ಪ್ರೀತಿ ಅಪರಾಧವಲ್ಲವೆಂದು ತೀರ್ಪಿತ್ತರು. ಊಟದ ಹೊತ್ತಿನಲ್ಲಿ ಪಕ್ಕದವನು ಕೂಗುವ ಹೆಸರಿಗೆ ಆ ತೀರ್ಪು ತಡೆಯಾಜ್ಞೆ ತರಲಾರದು. ಅಲ್ಲಿ ಕೋರ್ಟೂ ನಾವೇ, ಪೋಲೀಸರೂ ನಾವೇ.

ಟಿ.ವಿ. ಬಂದ್ ಮಾಡಿರೆಂದು ನಾವು ಹೇಳುತ್ತಿಲ್ಲ. ದಿನವಿಡೀ ದುಡಿದು ಬಂದವನಿಗೆ ಗಳಿಗೆ ಹೊತ್ತು ನಗು ಬೇಕು. ಆ ಬಳುಕುವ ಪಾತ್ರವನ್ನು ನಾವೂ ಮೊನ್ನೆ ಕುಳಿತು ನೋಡಿದೆವು; ಎರಡು ಸಲ ನಗೆ ಬಂದದ್ದೂ ನಿಜ. ಮೂರನೆಯ ಸಲ ಬರಲಿಲ್ಲ, ಏಕೆಂದರೆ ಅರ್ಜಿ ನೆನಪಾಯಿತು.

ಅದನ್ನು ಮಿಲ್ಲಿನ ಕಚೇರಿಗೆ ನಾವು ಇನ್ನೂ ಕಳಿಸಿಲ್ಲ. ಬರುವ ಸೋಮವಾರದವರೆಗೆ ತಡೆಯೆಂದು ಹುಡುಗನಿಗೆ ಹೇಳಿದ್ದೇವೆ. ಒಲ್ಲದ ಮನಸ್ಸಿನಿಂದ ಒಪ್ಪಿದ್ದಾನೆ. ಅವನಿಗೆ ಯಾರೂ ಕ್ಷಮೆ ಕೇಳಲು ಹೋಗಬೇಡಿ, ಅದರಿಂದ ಅವನಿಗೆ ಇನ್ನಷ್ಟು ಪೇಚು. ಅವನ ಹೆಸರು ನಿಮಗೆಲ್ಲ ಗೊತ್ತು, ತಾಯಿತಂದೆ ಇಟ್ಟ ಹೆಸರು. ನಾಳೆ ಪಾಳಿಗೆ ಹೋದಾಗ ಆ ಹೆಸರಿನಿಂದ ಕರೆಯಿರಿ. ಈಗ ಪ್ರಶ್ನೆಗಳಿದ್ದರೆ ಕೇಳಬಹುದು. ವಾಚನಾಲಯದ ಬಾಗಿಲು ಎಂಟೂವರೆಗೆ ಹಾಕುತ್ತಾರೆ.