ಅಟ್ಟ ಗುಡಿಸುವ ಮೊದಲು

ದೀಪಾವಳಿ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಏಣಿ ಹೊರಬೀಳುತ್ತದೆ. ಅಟ್ಟದ ಸಾಮಾನೆಲ್ಲ ನಡುಮನೆಗೆ ಇಳಿಯುತ್ತದೆ. ಯಾವುದು ಹಳೇ ಪೇಪರಿನವನಿಗೆ, ಯಾವುದು ಮತ್ತೆ ಅಟ್ಟಕ್ಕೆ ಎಂದು ಗಂಡಹೆಂಡಿರಲ್ಲಿ ವಾಗ್ವಾದವೂ ಆಗುತ್ತದೆ. ಆ ವಾಗ್ವಾದದಿಂದ ಒಂದು ಉಪಕಾರವುಂಟು. ಪ್ರತಿಯೊಂದು ವಸ್ತುವೂ ಯಾರಾದರೊಬ್ಬರ ಕಣ್ಣಿಗೆ ಬಿದ್ದ ಮೇಲೆಯೇ ಹೊಸ್ತಿಲು ದಾಟುತ್ತದೆ. ಕಂಪ್ಯೂಟರನ್ನು ಗುಡಿಸುವಾಗ ಈ ಉಪಕಾರ ನಮಗಿಲ್ಲ. 'ಇಷ್ಟು ಕಸವಿದೆ, ತೆಗೆಯಲೆ?' ಎಂದು ಯಂತ್ರ ಕೇಳುತ್ತದೆ. ನಾವು 'ಹೂಂ' ಎನ್ನುತ್ತೇವೆ.

ಹಾಗೆ ಹೂಂಗುಟ್ಟಿದವರಲ್ಲಿ ನಾನೂ ಒಬ್ಬ. ನಮ್ಮ ಮನೆಯ ಕಂಪ್ಯೂಟರು, ಸ್ವಿಚ್ಚು ಒತ್ತಿದ ಮೇಲೆ ನಾನು ಕಾಫಿ ಕುಡಿದು ಲೋಟ ತೊಳೆದಿಡುವವರೆಗೂ ಏಳುತ್ತಿರಲಿಲ್ಲ. ಬೇಸತ್ತು, ಎಲ್ಲಿಂದಲೋ ಇಳಿಸಿಕೊಂಡ ಶುಚಿಮಾಡುವ ಪ್ರೋಗ್ರಾಮೊಂದನ್ನು ಓಡಿಸಿದೆ. ಎದುರಿಗೆ ಕಂಡ ಚೌಕಗಳಿಗೆಲ್ಲ ಗುರುತು ಹಾಕಿದೆ. ಅವುಗಳಲ್ಲೊಂದು 'ಡೌನ್‌ಲೋಡ್ಸ್'. ನಮ್ಮ ತಂದೆಯವರು ಮೊಮ್ಮಗಳಿಗೆ ಕಥೆ ಹೇಳುತ್ತಿದ್ದ ಹನ್ನೊಂದು ನಿಮಿಷದ ಧ್ವನಿಯನ್ನು ಅಣ್ಣ ಕಳುಹಿಸಿದ್ದ. ಅದು ಆ ಫೋಲ್ಡರಿನಲ್ಲಿತ್ತು. ತಂದೆಯವರು ಆಗ ಇರಲಿಲ್ಲ. ಅಣ್ಣನ ಹಳೆಯ ಫೋನೂ ಇರಲಿಲ್ಲ. ಯಂತ್ರದ ವೇಗವಾದರೂ ಹೆಚ್ಚಿತೆ ಎಂದು ಕೇಳುತ್ತೀರಿ. ಇಲ್ಲ, ಕಾಫಿಯ ಲೆಕ್ಕ ಹಾಗೆಯೇ ಉಳಿಯಿತು.

ಆದ್ದರಿಂದ ವಿಂಡೋಸನ್ನು ಹಗುರಮಾಡಲು ಹೊರಟವರು ಮೊದಲು ಮಾಡತಕ್ಕ ಕೆಲಸ ತೆಗೆಯುವುದಲ್ಲ, ಪ್ರತಿ ಮಾಡಿಡುವುದು. ಫೋಟೋ, ಕಾಗದಪತ್ರ, ಧ್ವನಿ, ಇವನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಯಂತ್ರದಿಂದ ಕಳಚಿಡಬೇಕು. 'ರೀಸ್ಟೋರ್ ಪಾಯಿಂಟ್' ಎಂಬುದೊಂದಿದೆ. ಕೆಲವು ಯಂತ್ರಗಳಲ್ಲಿ ಅದನ್ನು ನಾವೇ ಚಾಲೂ ಮಾಡಿಕೊಳ್ಳಬೇಕು. ಕೆಟ್ಟ ವ್ಯವಸ್ಥೆಯನ್ನು ಅದು ಹಿಂದಿನ ದಿನದ ಸ್ಥಿತಿಗೆ ತರಬಲ್ಲುದು. ಆದರೆ ನಿಮ್ಮ ಫೋಟೋಗಳನ್ನು ಅದು ಕಾಯುವುದಿಲ್ಲ. ಇವೆರಡೂ ಒಂದೇ ಎಂದು ನಂಬಿ ಕೆಟ್ಟವರುಂಟು.

ಇನ್ನು ಯಂತ್ರ ನಿಧಾನವಾಗಿ ಏಳುವುದೇಕೆ? ಸಾಮಾನ್ಯವಾಗಿ, ಅದರೊಡನೆಯೇ ಏಳುವ ಪರಿವಾರ ದೊಡ್ಡದಾಗಿರುತ್ತದೆ. ಪ್ರಿಂಟರಿನ ಜೊತೆ ಬಂದದ್ದು, ಆಟದ ಜೊತೆ ಬಂದದ್ದು, ಮಾತುಕತೆಯ ಪ್ರೋಗ್ರಾಮು, ಎಲ್ಲವೂ ಕರೆಯದೆಯೇ ಎದ್ದು ಕುಳಿತುಕೊಳ್ಳುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರು ತೆರೆಯುತ್ತದೆ. ಅದರ 'ಸ್ಟಾರ್ಟಪ್' ಪಟ್ಟಿಯಲ್ಲಿ ಇವರೆಲ್ಲರ ಹೆಸರಿದೆ. ಬೇಡವಾದುದನ್ನು ಅಲ್ಲಿ 'ಡಿಸೇಬಲ್' ಮಾಡಬಹುದು. ಇದರಲ್ಲಿ ಏನೂ ಅಳಿಯುವುದಿಲ್ಲ. ತಪ್ಪಾಯಿತೆನಿಸಿದರೆ ಮರುದಿನ ಮತ್ತೆ 'ಎನೇಬಲ್' ಮಾಡಿದರಾಯಿತು. ಇಷ್ಟು ನಿರಪಾಯವಾದ ಕೆಲಸವನ್ನು ಬಿಟ್ಟು ಜನ ಅಪಾಯದ್ದಕ್ಕೇ ಮೊದಲು ಕೈಹಾಕುವುದೇಕೋ ನಾನರಿಯೆ.

ಬಳಸದ ಪ್ರೋಗ್ರಾಮುಗಳನ್ನು ಸೆಟ್ಟಿಂಗ್ಸಿನ 'ಆಪ್ಸ್' ವಿಭಾಗದಲ್ಲಿ 'ಅನ್‌ಇನ್‌ಸ್ಟಾಲ್' ಮಾಡಿಯೇ ಕಳುಹಿಸಬೇಕು. ಅದರ ಫೋಲ್ಡರನ್ನು ಹಿಡಿದು ಅಳಿಸಿದರೆ ಕಂಬ ಕಿತ್ತು ಚಾವಣಿ ಬಿಟ್ಟಂತಾಗುತ್ತದೆ. ಹೆಸರು ಕೇಳಿ ಗೊತ್ತಿಲ್ಲದ ಪ್ರೋಗ್ರಾಮಿದ್ದರೆ, ಗೊತ್ತಾಗುವವರೆಗೆ ಅದು ಅಲ್ಲೇ ಇರಲಿ. ವಿಂಡೋಸ್ ಫೋಲ್ಡರಿನೊಳಗೆ 'ವಿನ್ಎಸ್ಎಕ್ಸ್ಎಸ್' ಎಂಬ ಭಾರೀ ಫೋಲ್ಡರೊಂದು ಕಂಡು ಎದೆ ಝಲ್ಲೆನ್ನುವುದುಂಟು. ಅದರೊಳಗಿನ ಎಷ್ಟೋ ಫೈಲುಗಳು ಬೇರೆ ಕಡೆಯೂ ಕಾಣಿಸಿಕೊಳ್ಳುವ ಅವೇ ಫೈಲುಗಳು. ಎರಡು ಕಡೆ ಲೆಕ್ಕವಾಗುವುದರಿಂದ ಗಾತ್ರ ಹೆಚ್ಚಾಗಿ ತೋರುತ್ತದೆ. ಅದನ್ನು ಮುಟ್ಟಬಾರದು. ರಿಜಿಸ್ಟ್ರಿಯನ್ನೂ ಅಷ್ಟೆ. ಅದನ್ನು ತೊಳೆಯುವ ಪ್ರೋಗ್ರಾಮುಗಳನ್ನು ಮೈಕ್ರೋಸಾಫ್ಟ್ ಸಂಸ್ಥೆಯೇ ಬೆಂಬಲಿಸುವುದಿಲ್ಲ.

ಶುಚಿಮಾಡುವ ಪ್ರೋಗ್ರಾಮೇ ಕೊಳೆ ಹೊತ್ತು ತಂದ ಪ್ರಸಂಗವೂ ನಡೆದಿದೆ. 2017ರಲ್ಲಿ ಸಿಕ್ಲೀನರ್ ಎಂಬ ಹೆಸರಾಂತ ಪ್ರೋಗ್ರಾಮಿನ 5.33ನೆಯ ಆವೃತ್ತಿಯೊಳಗೆ, ಅದನ್ನು ಮಾಡಿದವರ ಕಣ್ಣು ತಪ್ಪಿಸಿ, ಯಾರೋ ಕಳ್ಳರು ದುಷ್ಟ ಸಂಕೇತವನ್ನು ಸೇರಿಸಿಬಿಟ್ಟಿದ್ದರು. ಅದು ಹೋಗಿ ಸೇರಿದ್ದು ಸುಮಾರು 22 ಲಕ್ಷ ಯಂತ್ರಗಳಿಗೆ. (ನಾನು ಓಡಿಸಿದ್ದು ಅದಲ್ಲ, ನನ್ನ ಕೇಡಿಗೆ ನಾನೇ ಸಾಕಾಗಿದ್ದೆ.) ನಮ್ಮ ಮನೆಯ ಹುಡುಗನಿಗೆ ಇದೆಲ್ಲ ಗೊತ್ತು ಎನ್ನುತ್ತೀರೋ? ಆ ಹುಡುಗ ಎಲ್ಲಿಂದಲೋ ತಂದ 'ಸ್ಕ್ರಿಪ್ಟ್' ಒಂದನ್ನು ಓಡಿಸಿ, ಕ್ಷಣದಲ್ಲಿ ಐವತ್ತು ಬಗೆಯ ಸಾಮಾನು ಎಸೆಯಬಲ್ಲ. ಅವುಗಳೊಡನೆ ಅಪ್‌ಡೇಟೂ ವೈರಸ್ ಕಾವಲೂ ಹೋದುವೆ ಎಂದು ಅವನನ್ನು ಒಮ್ಮೆ ಕೇಳಿ ನೋಡಿ.

ಗುಟ್ಟಿನ ವಿಷಯಕ್ಕೆ ಇಷ್ಟೊಂದು ಸಾಹಸ ಬೇಕಾಗಿಲ್ಲ. ಸೆಟ್ಟಿಂಗ್ಸಿನ 'ಪ್ರೈವಸಿ' ಭಾಗದಲ್ಲಿ ಜಾಹೀರಾತಿಗಾಗಿ ನಮ್ಮನ್ನು ಗುರುತಿಸುವ 'ಅಡ್ವರ್ಟೈಸಿಂಗ್ ಐಡಿ'ಯನ್ನು ಆರಿಸಬಹುದು. ಯಂತ್ರ ತನ್ನ ಮೂಲ ಸಂಸ್ಥೆಗೆ ಕಳುಹಿಸುವ ವರದಿಯಲ್ಲಿ ಐಚ್ಛಿಕವಾದುದನ್ನು ನಿಲ್ಲಿಸಬಹುದು. ಅಗತ್ಯವೆಂದು ಅವರು ಇಟ್ಟುಕೊಂಡ ಭಾಗ ಹೋಗಿಯೇ ಹೋಗುತ್ತದೆ. ಮೈಕು, ಕ್ಯಾಮೆರಾ, ನಾವಿರುವ ಸ್ಥಳ, ಇವುಗಳನ್ನು ಯಾವ ಪ್ರೋಗ್ರಾಮು ಕೇಳುತ್ತಿದೆ ಎಂಬ ಪಟ್ಟಿಯೂ ಅಲ್ಲಿದೆ. ಒಂದು ಭಾನುವಾರ ಬೆಳಗ್ಗೆ ಕುಳಿತು ಓದತಕ್ಕದ್ದು.

ಕೊನೆಗೆ ನಮ್ಮ ಯಂತ್ರವನ್ನು ಎಬ್ಬಿಸಿದ್ದು ಯಾವ ಪೊರಕೆಯೂ ಅಲ್ಲ. ಒಳಗಿದ್ದ ತಿರುಗುವ ಹಾರ್ಡ್ ಡಿಸ್ಕನ್ನು ತೆಗೆಸಿ ಎಸ್ಎಸ್‌ಡಿ ಹಾಕಿಸಿದೆವು. ಈಗ ಹಾಲು ಉಕ್ಕುವ ಮುಂಚೆಯೇ ಪರದೆ ಸಿದ್ಧ. ಹಳೆಯ ಡಿಸ್ಕಿನಲ್ಲಿ ಉಳಿದಿದ್ದುದನ್ನೆಲ್ಲ ನಕಲು ಮಾಡಿಸಿ ಒಂದು ಡಬ್ಬಿಯಲ್ಲಿಟ್ಟಿದ್ದೇನೆ. ಅದು ನನ್ನಾಕೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ ಇದೆ. ಮೇಲೆ ಅವಳದೇ ಅಕ್ಷರದಲ್ಲಿ ಚೀಟಿ ಅಂಟಿಸಿದೆ: 'ನನ್ನನ್ನು ಕೇಳದೆ ಅಳಿಸಕೂಡದು.'